ತಪ್ಪಿಗೂ ಒಂದು ಖಾತೆ

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ಸೊಕ್ಕೆ ಒಂದು ಹೋಬಳಿ ಕೇಂದ್ರ. 1997ರ ಆಗಸ್ಟ್‌ನಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಜಗಳೂರು ಸೀಮೆ ಚಿತ್ರದುರ್ಗಕ್ಕೆ ಸೇರಿತ್ತು. ಜಿಲ್ಲೆ ಬದಲಾಯಿತು, ಮುಗಿಲು ಬದಲಾಗಲಿಲ್ಲ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಹಾಕಿ ಮಳೆಯ ದಾರಿ ಕಾಯುವುದು ಇಲ್ಲಿನವರಿಗೆ ಹಿಂದಿನಿಂದ ಬಂದ ಪಾಡು. ಇಂಥ ಊರುಗಳ ಮಾತಿನಲ್ಲಿ ಕಳೆದ ಎರಡು ದಶಕಗಳಿಂದ ಒಂದು ಹೊಸ ಪದ ಬೇರು ಬಿಟ್ಟಿದೆ. ಅದು 'ಸರ್ವರ್'. ಅಕ್ಷರ ಕಲಿಯದ ಅಜ್ಜಿಯೂ ಪಿಂಚಣಿ ಕಾಗದ ಹಿಡಿದು ಬಂದು, "ಇವತ್ತಾದ್ರೂ ಸರ್ವರ್ ಐತೇನಪ್ಪಾ?" ಎಂದು ಕೇಳುತ್ತಾಳೆ. ಹಿಂದೆ ಕಚೇರಿಗೆ ಹೋದವರಿಗೆ "ಸಾಹೇಬ್ರು ಕ್ಯಾಂಪಿಗೆ ಹೋಗ್ಯಾರೆ" ಎಂಬ ಉತ್ತರ ಸಿಗುತ್ತಿತ್ತು. ಈಗ "ಯಜಮಾನ್ರೆ, ಸರ್ವರ್ ಡೌನ್ ಐತೆ" ಎಂಬ ಉತ್ತರ ಸಿಗುತ್ತದೆ. ಮಾತು ಬೇರೆಯಾದರೂ ಅರ್ಥ ಒಂದೇ: ನಾಳೆ ಬನ್ನಿ.

ಈ 'ನಾಳೆ ಬನ್ನಿ'ಗೆ ಬೆಲೆ ಎಷ್ಟು? ಒಬ್ಬ ರೈತನ ಮಗಳು ದ್ವಿತೀಯ ಪಿಯುಸಿ ಮುಗಿಸಿದ್ದಾಳೆ ಎಂದಿಟ್ಟುಕೊಳ್ಳಿ. ವಿದ್ಯಾರ್ಥಿವೇತನದ ಅರ್ಜಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಕಡೆಯ ದಿನಕ್ಕೆ ಇನ್ನು ಮೂರೇ ದಿನ. ಅಪ್ಪ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಬಂದಿದ್ದಾನೆ. ಕಂಪ್ಯೂಟರಿನ ಪರದೆಯ ಮೇಲೆ ಒಂದು ಸಾಲು ಮೂಡಿದೆ. 'ದೋಷ ಸಂಭವಿಸಿದೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ' ಎಂಬ ಧಾಟಿಯದು. ಏನು ದೋಷ? ಕಿಟಕಿಯ ಈಚೆ ನಿಂತ ಅಪ್ಪನಿಗೂ ತಿಳಿಯದು, ಆಚೆ ಕುಳಿತ ಹುಡುಗನಿಗೂ ತಿಳಿಯದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಆದರೆ ಅದನ್ನು ಬಲ್ಲ ಮೂರನೆಯವನೊಬ್ಬ ಇದ್ದಾನೆ. ನೂರಾರು ಮೈಲಿ ದೂರದ ಒಂದು ತಣ್ಣನೆಯ ಕೋಣೆಯಲ್ಲಿರುವ ಆ ಯಂತ್ರವೇ, ಆ ಕ್ಷಣದಲ್ಲಿ ತನಗೆ ಏನಾಯಿತು ಎಂಬುದನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡಿರಬಹುದು. 'ಬಹುದು' ಎಂದು ಹೇಳಲು ಕಾರಣವಿದೆ. ಬರೆಯಬೇಕೇ ಬೇಡವೇ, ಬರೆದರೆ ಎಷ್ಟು ಬರೆಯಬೇಕು, ಎಲ್ಲಿ ಬರೆಯಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬುದನ್ನೆಲ್ಲ ಯಾರೋ ಒಬ್ಬರು ಮೊದಲೇ ನಿರ್ಧರಿಸಿರುತ್ತಾರೆ. ಆ ನಿರ್ಧಾರ ಸರಿಯಾಗಿದ್ದರೆ ದೋಷ ಅರ್ಧ ಗಂಟೆಯಲ್ಲಿ ಸಿಕ್ಕಿಬೀಳುತ್ತದೆ. ಸರಿಯಿಲ್ಲದಿದ್ದರೆ ಮೂರು ದಿನವೂ ಸಾಲದು. ಹುಡುಗಿಯ ಅರ್ಜಿಯ ಗಡುವು ಮುಗಿದುಹೋಗುತ್ತದೆ. ಹೊರಗೆ ಕಾಣದ ಈ ಪುಟ್ಟ ವ್ಯವಸ್ಥೆಯ ಕಥೆ ವಿದ್ಯಾರ್ಥಿಗಳು ತಿಳಿಯತಕ್ಕದ್ದು.

ಸರ್ವರ್ ಎಂದರೆ ಕೇಳಿದವರಿಗೆ ಕೇಳಿದ್ದನ್ನು ಕೊಡುವ ಕಂಪ್ಯೂಟರ್. ಹೋಟೆಲಿನ ಸಪ್ಲೈಯರ್ ಇದ್ದಂತೆ. ಅದರೊಳಗೆ ಲಕ್ಷಾಂತರ ದಾಖಲೆಗಳನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟು, ಬೇಕಾದುದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಹುಡುಕಿಕೊಡುವ ತಂತ್ರಾಂಶಕ್ಕೆ ಡೇಟಾಬೇಸ್ ಎನ್ನುತ್ತಾರೆ. ಕರ್ನಾಟಕದ ಹಳ್ಳಿಗಳಿಗೆ ಇದರ ಪರಿಚಯವಾದದ್ದು ಪಹಣಿಯ ಮೂಲಕ. ಕಂದಾಯ ಇಲಾಖೆ 2000ದಲ್ಲಿ ಆರಂಭಿಸಿದ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಅದುವರೆಗೆ ಅವೆಲ್ಲ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಅಚ್ಚಾದ ಪಹಣಿ ಪಡೆಯುವುದು ಆಗಿನ ಕಾಲಕ್ಕೆ ದೊಡ್ಡ ಸುದ್ದಿಯಾಗಿತ್ತು.

ಆ ಯೋಜನೆಯಲ್ಲಿ ಇನ್ನೊಂದು ಸಣ್ಣ ಏರ್ಪಾಡು ಇತ್ತು. ದಾಖಲೆ ಬದಲಿಸುವ ಅಧಿಕಾರಿ ಗುಪ್ತಪದ ಒತ್ತಿದರಷ್ಟೇ ಸಾಲದು, ತನ್ನ ಬೆರಳಿನ ಗುರುತನ್ನೂ ಕೊಡಬೇಕಾಗಿತ್ತು. 'ಅದನ್ನು ತಿದ್ದಿದವನು ನಾನಲ್ಲ' ಎಂದು ಮುಂದೆ ಯಾರೂ ಹೇಳಬಾರದು ಎಂಬುದು ಅದರ ಉದ್ದೇಶ. ಅಂದರೆ, ಲೆಕ್ಕವನ್ನು ಬರೆದಿಟ್ಟರೆ ಸಾಲದು, ಆ ಲೆಕ್ಕವನ್ನು ಯಾರು, ಯಾವಾಗ ಮುಟ್ಟಿದರು ಎಂಬ ಇನ್ನೊಂದು ಲೆಕ್ಕವೂ ಬೇಕು. ಮೊದಲನೆಯದು ಜಮೀನಿನ ಲೆಕ್ಕವಾದರೆ, ಎರಡನೆಯದು ನಂಬಿಕೆಯ ಲೆಕ್ಕ.

ಈ ಎಚ್ಚರ ಕನ್ನಡ ನಾಡಿಗೆ ಹೊಸತೇನಲ್ಲ. ಹಿಂದಿನ ಶಾನುಭೋಗರು, ಅಂಗಡಿಯ ಶೆಟ್ಟರು 'ಕಡತ' ಎಂಬ ಪುಸ್ತಕ ಇಟ್ಟುಕೊಳ್ಳುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ ಮಡಿಕೆ ಮಾಡಿ, ಬಳಪದಿಂದ ಬರೆಯುವ ಕಪ್ಪು ಪುಸ್ತಕ ಅದು. ಒರೆಸಿ ಮತ್ತೆ ಬರೆಯುವ ಅನುಕೂಲ ಅದರಲ್ಲಿತ್ತು. ಅದೇ ಅದರ ಅಪಾಯವೂ ಆಗಿತ್ತು. ಹಾಗಾಗಿ ದಾನ ದತ್ತಿಯಂಥ ಅಳಿಸಬಾರದ ಮಾತನ್ನು ಹಿರಿಯರು ಕಲ್ಲಿನ ಮೇಲೆ, ತಾಮ್ರದ ಮೇಲೆ ಕೊರೆಸಿದರು. ಯಾವುದನ್ನು ಕಡತದಲ್ಲಿ ಬರೆಯಬೇಕು, ಯಾವುದನ್ನು ಕಲ್ಲಿನಲ್ಲಿ ಕೊರೆಯಬೇಕು ಎಂಬ ವಿವೇಕವೇ ಇಂದು ಡೇಟಾಬೇಸ್ ರೂಪಿಸುವವರ ಮುಂದೆಯೂ ಇದೆ.

ಯಂತ್ರದ ಈ ದಿನಚರಿಗೆ 'ಲಾಗ್' ಎಂದು ಹೆಸರು. ಲಾಗ್ ಎಂದರೆ ಮರದ ದಿಮ್ಮಿ! ಹಾಯಿಹಡಗಿನ ಕಾಲದಲ್ಲಿ ನಾವಿಕರು ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡು ಕಟ್ಟಿ ಸಮುದ್ರಕ್ಕೆ ಎಸೆಯುತ್ತಿದ್ದರು. ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವು ಎಂದು ಎಣಿಸಿ ಹಡಗಿನ ವೇಗ ತಿಳಿಯುತ್ತಿದ್ದರು. ಆ ವೇಗವನ್ನು ಬರೆದಿಡುವ ಪುಸ್ತಕ 'ಲಾಗ್ ಬುಕ್' ಆಯಿತು. ಹಡಗಿನ ವೇಗವನ್ನು ಇಂದಿಗೂ 'ನಾಟ್', ಅಂದರೆ ಗಂಟು, ಎಂಬ ಮಾನದಲ್ಲೇ ಹೇಳುತ್ತಾರೆ.

ಕಂಪ್ಯೂಟರುಗಳ ಲಾಗ್ ಪುಸ್ತಕಗಳಲ್ಲಿ ಪ್ರಸಿದ್ಧವಾದ ಪುಟ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ 'ಮಾರ್ಕ್ 2' ಯಂತ್ರದ್ದು. 1947ರ ಸೆಪ್ಟೆಂಬರ್ 9ರಂದು ಆ ಯಂತ್ರ ತಪ್ಪು ಮಾಡತೊಡಗಿತು. ಹುಡುಕಿದಾಗ 70ನೆಯ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಕೊಂಡಿತ್ತು. ಅಲ್ಲಿದ್ದವರು ಅದನ್ನು ತೆಗೆದು ಬಿಸಾಡಲಿಲ್ಲ. ಪುಸ್ತಕದ ಪುಟಕ್ಕೇ ಅಂಟಿಸಿ, ಸಮಯ ಬರೆದು, ನಿಜವಾದ ಹುಳು ಸಿಕ್ಕಿದ್ದು ಇದೇ ಮೊದಲು ಎಂಬರ್ಥದ ಒಂದು ವಾಕ್ಯ ಸೇರಿಸಿದರು. ಯಂತ್ರದ ದೋಷಕ್ಕೆ 'ಬಗ್', ಅಂದರೆ ಹುಳು, ಎನ್ನುವ ರೂಢಿ ಅದಕ್ಕೂ ಹಿಂದಿನದು. ಆ ವಾಕ್ಯದ ತಮಾಷೆ ಇರುವುದೇ ಅಲ್ಲಿ. ಆ ಪುಟ ಇಂದು ವಾಷಿಂಗ್ಟನ್‌ನ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಯಾವಾಗ, ಎಲ್ಲಿ, ಏನು ಎಂಬ ಮೂರು ಸಂಗತಿಗಳಿವೆ. ಒಳ್ಳೆಯ ದಾಖಲೆಗೆ ಇಷ್ಟು ಸಾಕು.

ಆದರೆ ಮಾರ್ಕ್ 2 ನಿಧಾನದ ಯಂತ್ರ. ಇಂದಿನ ಡೇಟಾಬೇಸ್ ಒಂದು ಸೆಕೆಂಡಿಗೆ ಸಾವಿರಾರು ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲದು. ನಡೆದದ್ದನ್ನೆಲ್ಲ ಬರೆಯುತ್ತ ಕೂತರೆ ಏನಾದೀತು? ಲೆಕ್ಕ ಹಾಕಿ ನೋಡಿ. ಒಂದು ಸಾಲಿಗೆ 200 ಅಕ್ಷರ, ಸೆಕೆಂಡಿಗೆ 100 ಸಾಲು ಎಂದಾದರೆ ಸೆಕೆಂಡಿಗೆ 20,000 ಅಕ್ಷರ. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ 172 ಕೋಟಿ 80 ಲಕ್ಷ ಅಕ್ಷರ! ತಿಂಗಳಿಗೆ 50 ಗಿಗಾಬೈಟ್ ದಾಟುತ್ತದೆ. ಡಿಸ್ಕ್ ತುಂಬಿದರೆ ಸರ್ವರ್ ನಿಂತುಹೋಗಬಹುದು. ದೋಷ ಬರೆಯಲು ಇಟ್ಟ ಪುಸ್ತಕವೇ ದೋಷಕ್ಕೆ ಕಾರಣವಾದಂತೆ ಆಯಿತು. ಇನ್ನು, ಏನನ್ನೂ ಬರೆಯದಿದ್ದರೆ ಕತ್ತಲೆಯಲ್ಲಿ ಸೂಜಿ ಹುಡುಕಿದಂತೆ. ಆದ್ದರಿಂದ ಇವೆರಡರ ನಡುವೆ ಒಂದು ಗೆರೆ ಎಳೆಯಬೇಕು. ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಊರಿಂದೂರಿಗೆ, ದಿನದಿಂದ ದಿನಕ್ಕೆ ಬದಲಾಗುವುದರಿಂದ ಅದನ್ನು ಹಿಂದೆ ಮುಂದೆ ಸರಿಸುವಂತಿರಬೇಕು.

ಮಳೆ ಅಳೆಯುವವರಿಗೆ ಈ ಗೆರೆ ಚೆನ್ನಾಗಿ ಗೊತ್ತು. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆ ಬಿದ್ದರೆ ಮಾತ್ರ ಅದು 'ಮಳೆಯ ದಿನ'. ನಾಲ್ಕು ಹನಿ ಉದುರಿ ಅಂಗಳದ ಧೂಳು ಅಡಗಿದರೆ ಅದು ಮಳೆಯ ದಿನಗಳ ಎಣಿಕೆಗೆ ಬರುವುದಿಲ್ಲ. ಜಗಳೂರಿನ ರೈತನಿಗೆ ಈ ಗೆರೆಯ ನ್ಯಾಯ ಅರ್ಥವಾಗುತ್ತದೆ. ಹನಿ ಉದುರಿದ್ದಕ್ಕೂ ಬಿತ್ತನೆಗೆ ಹದವಾದದ್ದಕ್ಕೂ ಅಂತರವಿದೆ. ಒಂದು ವ್ಯತ್ಯಾಸ ಮಾತ್ರ ನೆನಪಿಡಬೇಕು. ಮಳೆಮಾಪಕ ಗೆರೆಗಿಂತ ಕೆಳಗಿನ ಹನಿಯನ್ನೂ ಅಳೆದು ಪುಸ್ತಕದಲ್ಲಿ ಬರೆಯುತ್ತದೆ, ಎಣಿಕೆಯಲ್ಲಷ್ಟೇ ಬಿಡುತ್ತದೆ. ಸರ್ವರಿನ ದಿನಚರಿಯಲ್ಲಿ ಗೆರೆಗಿಂತ ಕೆಳಗಿನದು ಬರೆಯಲ್ಪಡುವುದೇ ಇಲ್ಲ. ಬರೆಯದೇ ಬಿಟ್ಟದ್ದು ಮತ್ತೆಂದೂ ಸಿಗದು. ಆದ್ದರಿಂದ ಇಲ್ಲಿ ಗೆರೆ ಎಳೆಯುವವನ ಹೊಣೆ ಹೆಚ್ಚು.

ಜಗತ್ತಿನಾದ್ಯಂತ ಬಳಕೆಯಲ್ಲಿರುವ, ಯಾರು ಬೇಕಾದರೂ ಬಿಟ್ಟಿಯಾಗಿ ಪಡೆಯಬಹುದಾದ 'ಪೋಸ್ಟ್‌ಗ್ರೆಸ್' ಎಂಬ ಡೇಟಾಬೇಸನ್ನು ಉದಾಹರಣೆಗೆ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಎಂಬ ಪ್ರಾಧ್ಯಾಪಕರ ನೇತೃತ್ವದಲ್ಲಿ 1986ರಲ್ಲಿ ಇದರ ಕೆಲಸ ಶುರುವಾಯಿತು. ಇದರ ದಿನಚರಿಯಲ್ಲಿ ಹನ್ನೆರಡು ಮೆಟ್ಟಿಲುಗಳಿವೆ. ಕೆಳಗಿನ ಐದು 'ಡಿಬಗ್' ಎಂಬ ಮೆಟ್ಟಿಲುಗಳು ಯಂತ್ರದ ಒಳಗಿನ ಪಿಸುಮಾತು. ಅದರ ಮೇಲೆ ಮಾಹಿತಿ, ಗಮನಿಸಿ ಎಂಬ ಸೂಚನೆ, ಆಮೇಲೆ ಎಚ್ಚರಿಕೆ, ಅದಕ್ಕೂ ಮೇಲೆ ದೋಷ. ತುದಿಯಲ್ಲಿ 'ಫೇಟಲ್', 'ಪ್ಯಾನಿಕ್'. ಫೇಟಲ್ ಎಂದರೆ ಒಬ್ಬ ಗಿರಾಕಿಯ ಸಂಪರ್ಕ ಕಡಿದುಹೋಯಿತು. ಪ್ಯಾನಿಕ್ ಎಂದರೆ ಎಲ್ಲರ ಸಂಪರ್ಕವೂ ಕಡಿದುಹೋಯಿತು. ಯಾವ ಮೆಟ್ಟಿಲಿನಿಂದ ಮೇಲಿನದನ್ನು ಬರೆಯಬೇಕು ಎಂದು ನಿರ್ವಾಹಕ ಒಂದೇ ಪದದಲ್ಲಿ ತಿಳಿಸಬಹುದು. ಅವನು ಏನನ್ನೂ ಹೇಳದಿದ್ದರೆ ಎಚ್ಚರಿಕೆಯಿಂದ ಮೇಲಿನದೆಲ್ಲ ದಾಖಲಾಗುತ್ತದೆ. ಬಳಕೆಯಲ್ಲಿರುವ ಇನ್ನೊಂದು ಡೇಟಾಬೇಸ್ 'ಮೈಎಸ್‌ಕ್ಯೂಎಲ್' ಇದನ್ನು ಮೂರೇ ಅಂಕಿಗೆ ಇಳಿಸಿದೆ. ಒಂದು ಎಂದರೆ ದೋಷ ಮಾತ್ರ, ಎರಡು ಎಂದರೆ ಎಚ್ಚರಿಕೆಯೂ ಸೇರಿ, ಮೂರು ಎಂದರೆ ಸಣ್ಣಪುಟ್ಟ ಟಿಪ್ಪಣಿಯೂ ಸೇರಿ.

'ಏನನ್ನೂ ಹೇಳದಿದ್ದರೆ' ಎಂಬ ಮಾತಿನಲ್ಲಿ ದೊಡ್ಡ ವಿಷಯ ಅಡಗಿದೆ. ಎಷ್ಟೋ ಕಡೆ ಯಾರೂ ಏನನ್ನೂ ಹೇಳುವುದಿಲ್ಲ. ತಂತ್ರಾಂಶ ಹೇಗೆ ಬಂದಿತೋ ಹಾಗೆಯೇ ಓಡಿಸುತ್ತಾರೆ. ಆದ್ದರಿಂದ ಮೊದಲು ರೂಪಿಸಿದವರು ಆರಿಸಿದ ಬೆಲೆಯೇ ಲಕ್ಷಾಂತರ ಯಂತ್ರಗಳ ಹಣೆಬರಹವಾಗುತ್ತದೆ. ಒಂದು ಸ್ವಾರಸ್ಯ ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಾಲಿನ ಮುಂದೆ ಏನಿರಬೇಕು, ವೇಳೆಯೋ, ಬಳಕೆದಾರನ ಹೆಸರೋ, ಎಂಬುದನ್ನು ನಿರ್ವಾಹಕ ಆರಿಸಬಹುದು. ಬಹಳ ವರ್ಷ ಅದರ ಮೂಲ ಬೆಲೆ ಖಾಲಿಯಾಗಿತ್ತು. ಅಂದರೆ ಯಾರೂ ಮುಟ್ಟದಿದ್ದರೆ ಆ ಕಡತದಲ್ಲಿ ದೋಷಗಳೆಲ್ಲ ವೇಳೆಯಿಲ್ಲದೆ ದಾಖಲಾಗುತ್ತಿದ್ದವು! 2017ರಲ್ಲಿ ಬಂದ ಹತ್ತನೆಯ ಆವೃತ್ತಿಯಲ್ಲಿ ದಿನಾಂಕ, ವೇಳೆ, ಕೆಲಸದ ಸಂಖ್ಯೆ ತಾವಾಗಿಯೇ ಬರುವಂತೆ ಮಾಡಿದರು. ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕದಲ್ಲಿ ದಿನಾಂಕ ಬರೆಯದ ವಿದ್ಯಾರ್ಥಿಗೆ ಮೇಷ್ಟ್ರು ಏಕೆ ಗದರುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ. ವೇಳೆಯಿಲ್ಲದ ಸಾಲು ದೂರಾದೀತು, ಸಾಕ್ಷಿಯಾಗದು.

ತಂದೆ ತಾಯಂದಿರಿಗೂ ಇದರಲ್ಲಿ ಉಪಯೋಗವಿದೆ. ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಅರ್ಜಿ ತುಂಬುವ ಅಂಗಡಿಯಲ್ಲಿ ಪರದೆ ಕೈಕೊಟ್ಟಾಗ 'ಸರ್ವರ್ ಸರಿಯಿಲ್ಲ' ಎಂದು ಗೊಣಗಿದರೆ ಪ್ರಯೋಜನವಿಲ್ಲ. ದಿನಾಂಕ, ಗಂಟೆ, ನಿಮಿಷ, ಅರ್ಜಿಯ ಸಂಖ್ಯೆ, ಪರದೆಯ ಮೇಲೆ ಮೂಡಿದ ಸಾಲು ಯಥಾವತ್ತಾಗಿ, ಇಷ್ಟನ್ನು ಬರೆದುಕೊಂಡು ದೂರು ಕೊಡಬೇಕು. ಹಾಗೆ ಬರೆದ ದೂರು ಕೈಗೆ ಬಂದರೆ ಆಚೆಯ ಎಂಜಿನಿಯರ್ ಲಕ್ಷ ಸಾಲುಗಳ ನಡುವೆ ಆ ಒಂದು ಸಾಲನ್ನು ಹುಡುಕಬಲ್ಲ. ನಿಮಿಷ ತಿಳಿಯದಿದ್ದರೆ ಅವನಿಗೂ ಅದು ಹೊಟ್ಟಿನ ರಾಶಿಯಲ್ಲಿ ಕಾಳು ಹುಡುಕಿದಂತೆ.

ಎಲ್ಲವನ್ನೂ ಬರೆಯಲಾಗದು, ಏನನ್ನೂ ಬಿಡಲಾಗದು ಎಂಬ ಇಕ್ಕಟ್ಟಿಗೆ ಇನ್ನೊಂದು ಉಪಾಯವಿದೆ. ಬೆಳೆ ವಿಮೆಗೆ ಇಳುವರಿ ಲೆಕ್ಕ ಹಾಕುವಾಗ ಊರಿನ ಎಲ್ಲ ಹೊಲಗಳ ಕಾಳನ್ನೂ ತೂಗುವುದಿಲ್ಲ. ಕೆಲವು ಹೊಲಗಳನ್ನು ಚೀಟಿ ಎತ್ತಿದಂತೆ ಆರಿಸಿ, ಅವುಗಳಲ್ಲಿ ಪುಟ್ಟ ಚೌಕ ಗುರುತಿಸಿ, ಅಲ್ಲಿನ ಬೆಳೆಯನ್ನಷ್ಟೇ ಕೊಯ್ದು ತೂಗುತ್ತಾರೆ. ಇದು ಬೆಳೆ ಕಟಾವು ಪ್ರಯೋಗ. ಪೋಸ್ಟ್‌ಗ್ರೆಸ್ 2020ರ ಆವೃತ್ತಿಯಲ್ಲಿ ಇಂಥದೇ ಏರ್ಪಾಡನ್ನು ತಂದಿತು. ತೀರ ನಿಧಾನವಾಗಿ ನಡೆದ ಕೆಲಸವನ್ನು ತಪ್ಪದೆ ಬರೆ, ಸ್ವಲ್ಪ ನಿಧಾನವಾದವುಗಳಲ್ಲಿ ನೂರಕ್ಕೆ ಇಷ್ಟನ್ನು ಮಾತ್ರ ಬರೆ ಎಂದು ಅದಕ್ಕೆ ಹೇಳಬಹುದು. 'ನಿಧಾನ' ಎಂದರೆ ಎಷ್ಟು ಎಂಬುದನ್ನೂ ಮಿಲಿಸೆಕೆಂಡಿನ ಲೆಕ್ಕದಲ್ಲಿ ನಿರ್ವಾಹಕನೇ ತಿಳಿಸುತ್ತಾನೆ.

ತುಂಬಿದ ಪುಸ್ತಕದ ಗತಿ ಏನು? ವರ್ಷ ಮುಗಿದೊಡನೆ ಅಂಗಡಿಯವರು ಹಳೆಯ ಖಾತೆ ಕಟ್ಟಿಟ್ಟು ದೀಪಾವಳಿಗೆ ಹೊಸ ಖಾತೆ ತೆರೆಯುತ್ತಾರಲ್ಲ, ಸರ್ವರುಗಳೂ ಹಾಗೆಯೇ ಮಾಡುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ದಿನಚರಿ ಬರೆಯುವ ವಿಶೇಷ ಗುಮಾಸ್ತನನ್ನು ನೇಮಿಸಿಕೊಂಡರೆ ದಿನಕ್ಕೊಮ್ಮೆ, ಇಲ್ಲವೆ ಪುಸ್ತಕ 10 ಮೆಗಾಬೈಟ್ ಮುಟ್ಟಿದೊಡನೆ, ಯಾವುದು ಮೊದಲೋ ಆಗ ಹೊಸ ಪುಸ್ತಕ ತೆರೆಯುತ್ತದೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ತಾನು ಪ್ರತಿ ಸಲ ಹೊಸದಾಗಿ ಚಾಲೂ ಆದಾಗ ಹೊಸ ಪುಸ್ತಕ ತೆರೆದು, ಹಳೆಯ ಆರನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಇಲ್ಲೊಂದು ಗುಂಡಿ ಇದೆ. ಯಂತ್ರ ಮೊಂಡು ಹಿಡಿದರೆ 'ಆಫ್ ಮಾಡಿ ಆನ್ ಮಾಡಿ' ಎಂಬುದು ಎಲ್ಲರ ಮನೆಮದ್ದು. ಗಾಬರಿಯಲ್ಲಿ ಏಳು ಸಲ ಹಾಗೆ ಮಾಡಿದರೆ ಮೂಲ ದೋಷ ಬರೆದಿದ್ದ ಪುಸ್ತಕವೇ ಸಾಲಿನಿಂದ ಆಚೆಗೆ ಹೋಗಿರುತ್ತದೆ. ರೋಗಿ ಎದ್ದು ಕೂತ, ರೋಗ ಯಾವುದೆಂದು ತಿಳಿಯಲಿಲ್ಲ ಎಂಬಂತಾಗುತ್ತದೆ. ಎಷ್ಟು ಪುಸ್ತಕ ಇಡಬೇಕು ಎಂಬ ಸಂಖ್ಯೆಯನ್ನು ಹೆಚ್ಚಿಸುವ ಅವಕಾಶವನ್ನು ಕೊಟ್ಟಿರುವುದು ಈ ಕಾರಣಕ್ಕೇ.

ಇನ್ನೂ ಸೂಕ್ಷ್ಮವಾದ ಒಂದು ಪ್ರಶ್ನೆ. ದೋಷಗಳ ಮಳೆಯೇ ಸುರಿದು, ಬರೆಯುವ ಗುಮಾಸ್ತನ ಕೈ ಸಾಲದಾದಾಗ ಏನು ಮಾಡಬೇಕು? ಕೆಲವು ಸಾಲುಗಳನ್ನು ಬಿಟ್ಟು ಮುಂದುವರಿಯಬೇಕೆ, ಅಥವಾ ಬರೆದು ಮುಗಿಯುವವರೆಗೆ ಕೆಲಸವನ್ನೇ ತಡೆಯಬೇಕೆ? ಪೋಸ್ಟ್‌ಗ್ರೆಸ್‌ನ ಗುಮಾಸ್ತ ಎರಡನೆಯ ಪಂಥದವನು. ಕೆಲಸ ತಡವಾದರೂ ಸರಿ, ಒಂದು ಸಾಲೂ ತಪ್ಪಬಾರದು ಎನ್ನುತ್ತಾನೆ. ಯುನಿಕ್ಸ್ ಯಂತ್ರಗಳಲ್ಲಿ 1980ರ ದಶಕದಿಂದ ಬಂದ 'ಸಿಸ್‌ಲಾಗ್' ಎಂಬ ಗುಮಾಸ್ತ ಮೊದಲನೆಯ ಪಂಥದವನು. ಬರೆಯಲಾಗದ ಸಾಲು ಬಿಟ್ಟರೂ ಸರಿ, ಕೆಲಸ ನಿಲ್ಲಬಾರದು ಎನ್ನುತ್ತಾನೆ. ಯಾರು ಸರಿ? ಹಣದ ವ್ಯವಹಾರಕ್ಕೆ ಒಬ್ಬ, ಬಸ್ಸಿನ ವೇಳಾಪಟ್ಟಿ ತೋರಿಸುವ ಕೆಲಸಕ್ಕೆ ಇನ್ನೊಬ್ಬ. ಆದ್ದರಿಂದಲೇ ಇಬ್ಬರಲ್ಲಿ ಯಾರನ್ನು ಕೂರಿಸಬೇಕೆಂಬ ಆಯ್ಕೆಯನ್ನು ಬಳಸುವವರಿಗೆ ಬಿಟ್ಟಿದ್ದಾರೆ.

ಹೊರಗಿನವರಿಗೆ ಹೇಳುವ ಮಾತು, ಒಳಗೆ ಬರೆಯುವ ಮಾತು ಒಂದೇ ಆಗಿರಬೇಕೆ? ವೈದ್ಯರು ರೋಗಿಗೆ ಹೇಳುವುದು ಒಂದು ವಾಕ್ಯ, ಚೀಟಿಯಲ್ಲಿ ಬರೆಯುವುದು ಹತ್ತು ವಾಕ್ಯ. ಡೇಟಾಬೇಸಿನಲ್ಲೂ ಇವೆರಡಕ್ಕೆ ಬೇರೆ ಬೇರೆ ಗೆರೆಗಳಿವೆ. ಒಳಗಿನ ವಿವರವನ್ನೆಲ್ಲ ಹೊರಗೆ ಚೆಲ್ಲಿದರೆ ಕಳ್ಳನಿಗೆ ಮನೆಯ ನಕ್ಷೆ ಕೊಟ್ಟಂತೆ. ಹಾಗೆಂದು ಹೊರಗಿನ ಮಾತು ತೀರ ಬರಡಾದರೂ ಅಪಾಯವೇ. 'ಥೆರಾಕ್-25' ಎಂಬ ಕ್ಯಾನ್ಸರ್ ಚಿಕಿತ್ಸೆಯ ಯಂತ್ರ 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ಜನರಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ಟೆಕ್ಸಾಸಿನ ಒಂದು ಆಸ್ಪತ್ರೆಯಲ್ಲಿ ಆ ಯಂತ್ರದ ಪರದೆಯ ಮೇಲೆ ಮೂಡಿದ್ದು 'ಮಾಲ್‌ಫಂಕ್ಷನ್ 54' ಎಂದಷ್ಟೆ. 54 ಎಂದರೆ ಏನೆಂದು ನಡೆಸುವವರಿಗೆ ತಿಳಿಯುವಂತೆ ಎಲ್ಲೂ ಬರೆದಿರಲಿಲ್ಲ. ಅಂಥ ಸಂಖ್ಯೆಗಳು ಮೂಡುವುದು ರೂಢಿಯಾಗಿದ್ದರಿಂದ ಮುಂದುವರಿಸುವ ಕೀಲಿ ಒತ್ತುವುದೂ ರೂಢಿಯಾಗಿತ್ತು. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯ ಪಾಠವೂ ಇದೇ. ಸಣ್ಣದಕ್ಕೆಲ್ಲ ಕೂಗುವ ದಿನಚರಿಯನ್ನು ಕ್ರಮೇಣ ಯಾರೂ ಓದುವುದಿಲ್ಲ. ಯಾರೂ ಓದದ ದಿನಚರಿ ಇದ್ದರೂ ಇಲ್ಲದಂತೆ.

ಗೆರೆ ಸರಿಸುವ ಅಧಿಕಾರ ಯಾರಿಗೆ? ಎಲ್ಲರಿಗೂ ಇದ್ದರೆ, ತಪ್ಪು ಮಾಡಹೊರಟವನು ಮೊದಲು ದೀಪ ಆರಿಸಿ ಆಮೇಲೆ ಒಳನುಗ್ಗುತ್ತಾನೆ. ಅದಕ್ಕಾಗಿ ಪೋಸ್ಟ್‌ಗ್ರೆಸ್‌ನಲ್ಲಿ ಸಾಮಾನ್ಯ ಬಳಕೆದಾರ ತನ್ನ ಪರದೆಗೆ ಬರುವ ಮಾತನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದೇ ಹೊರತು ಸರ್ವರಿನ ದಿನಚರಿಯ ಗೆರೆಯನ್ನು ಮುಟ್ಟಲಾರ. ಅದು ಮುಖ್ಯ ನಿರ್ವಾಹಕನ ಅಥವಾ ಅವನಿಂದ ಅಧಿಕಾರ ಪಡೆದವನ ಕೈಯಲ್ಲಿದೆ. ಆ ನಿರ್ವಾಹಕನೂ ಗೆರೆ ಸರಿಸಲು ಸರ್ವರನ್ನು ನಿಲ್ಲಿಸಬೇಕಿಲ್ಲ. ಓಡುವ ಗಾಡಿಯಲ್ಲೇ ದೀಪದ ಬತ್ತಿ ಏರಿಸಿದಂತೆ, ಕೆಲಸ ನಡೆಯುತ್ತಿರುವಾಗಲೇ ಹೊಸ ಬೆಲೆಯನ್ನು ಓದಿಕೋ ಎಂದು ಆಜ್ಞೆ ಕೊಡಬಹುದು. ಕಷ್ಟಕಾಲದಲ್ಲಿ ಹೆಚ್ಚು ಬರೆ, ಗಂಡಾಂತರ ಕಳೆದ ಮೇಲೆ ಮೊದಲಿನಂತಿರು ಎನ್ನುವುದು ಇದರಿಂದ ಸಾಧ್ಯವಾಗುತ್ತದೆ. ದಿನಚರಿಯನ್ನು ಓದುವ ಹಕ್ಕೂ ಮೂಲತಃ ಆ ಸರ್ವರಿನ ಒಡೆಯನೊಬ್ಬನದೇ.

ಓದುವ ಹಕ್ಕಿಗೆ ಬೀಗ ಏಕೆ ಎನ್ನುವವರು 2018ರ ಮೇ ತಿಂಗಳನ್ನು ನೆನೆಯಬೇಕು. ಆಗ ಟ್ವಿಟರ್ ಸಂಸ್ಥೆ ತನ್ನ 33 ಕೋಟಿಗೂ ಹೆಚ್ಚು ಬಳಕೆದಾರರಿಗೆ ಗುಪ್ತಪದ ಬದಲಿಸಿಕೊಳ್ಳಿ ಎಂದು ಸಲಹೆ ಮಾಡಿತು. ಸಂಕೇತವಾಗಿ ಮಾರ್ಪಡುವ ಮುನ್ನವೇ ಗುಪ್ತಪದಗಳು ಒಳಗಿನ ಒಂದು ಲಾಗಿನಲ್ಲಿ ಇದ್ದಂತೆಯೇ ದಾಖಲಾಗಿದ್ದವು. ಯಾರೂ ದುರುಪಯೋಗ ಮಾಡಿದ ಸುಳಿವಿಲ್ಲವೆಂದು ಸಂಸ್ಥೆ ಹೇಳಿತು. ಆದರೂ ಖಜಾನೆಯ ಬೀಗದ ಕೈಯ ಅಚ್ಚನ್ನು ಕಾವಲುಗಾರನ ಡೈರಿಯಲ್ಲಿ ಒತ್ತಿಟ್ಟಂತಾಗಿತ್ತಲ್ಲ! ಏನನ್ನು ಬರೆಯಬೇಕು ಎಂಬಷ್ಟೇ ಮುಖ್ಯ, ಏನನ್ನು ಬರೆಯಕೂಡದು ಎಂಬುದು. ಇತ್ತ ಭಾರತದಲ್ಲಿ, ಗಣಕ ಸುರಕ್ಷತೆಯನ್ನು ನೋಡಿಕೊಳ್ಳುವ 'ಸರ್ಟ್-ಇನ್' ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸರ್ಕಾರಿ ಮತ್ತು ಖಾಸಗಿ ಸಂಸ್ಥೆಗಳು ತಮ್ಮ ಲಾಗುಗಳನ್ನು 180 ದಿನ ಭದ್ರವಾಗಿ ಇಡಬೇಕು. ಅಂದರೆ ದಿನಚರಿ ಬರೆಯುವುದು ಈಗ ಎಂಜಿನಿಯರನ ಇಷ್ಟಾನಿಷ್ಟದ ಮಾತಾಗಿ ಉಳಿದಿಲ್ಲ.

ಇಷ್ಟೆಲ್ಲ ಗುಂಡಿಗಳನ್ನು, ತಿರುಪುಗಳನ್ನು ಇಟ್ಟವರ ವಿನಯವನ್ನು ಗಮನಿಸಬೇಕು. 'ನಾವು ಬರೆದ ತಂತ್ರಾಂಶ ತಪ್ಪುವುದಿಲ್ಲ' ಎಂದು ಅವರು ಹೊರಡಲಿಲ್ಲ. 'ಇದು ತಪ್ಪಿಯೇ ತಪ್ಪುತ್ತದೆ. ತಪ್ಪಿದಾಗ ಅದು ಯಾರಿಗೆ, ಎಷ್ಟು, ಹೇಗೆ ತಿಳಿಯಬೇಕು' ಎಂದು ಹೊರಟರು. ಮನೆಗಳಲ್ಲಿ ಹೀಗಾಗುವುದು ಅಪರೂಪ. ಮಗುವಿನ ಅಂಕಪಟ್ಟಿಯಲ್ಲಿರುವುದು ಪರದೆಯ ಮೇಲಿನ ಒಂದು ಸಾಲಷ್ಟೆ: ಗಣಿತ 41. ಯಾವ ಲೆಕ್ಕ, ಯಾವ ಹೆಜ್ಜೆಯಲ್ಲಿ, ಏಕೆ ತಪ್ಪಿತು ಎಂಬ ದಿನಚರಿ ಉತ್ತರಪತ್ರಿಕೆಯಲ್ಲಿದೆ. ಅಂಕಪಟ್ಟಿ ನೋಡಿ ಗದರುವ ಮನೆಯಲ್ಲಿ ಉತ್ತರಪತ್ರಿಕೆ ಚೀಲದ ತಳ ಸೇರುತ್ತದೆ. ತಪ್ಪಿಗೆ ಏಟು ಬೀಳುವ ಕಡೆ ಮಕ್ಕಳು ಲಾಗ್ ನಿಲ್ಲಿಸಿಬಿಡುತ್ತಾರೆ.

ಆಸಕ್ತ ವಿದ್ಯಾರ್ಥಿಗಳು ಶಾಲೆಯ ಕಂಪ್ಯೂಟರಿನಲ್ಲೋ ಅಣ್ಣ ಅಕ್ಕಂದಿರ ಲ್ಯಾಪ್‌ಟಾಪಿನಲ್ಲೋ ಒಂದು ಪ್ರಯೋಗ ಮಾಡಬಹುದು. ಪೋಸ್ಟ್‌ಗ್ರೆಸ್ ಹಾಕಿಕೊಂಡು, ಒಂದನ್ನು ಸೊನ್ನೆಯಿಂದ ಭಾಗಿಸು ಎಂದು ಕೇಳಿ. 'ಸೆಲೆಕ್ಟ್ 1/0' ಎಂಬುದು ಆ ಪ್ರಶ್ನೆ. ಗಣಿತದ ಮೇಷ್ಟ್ರು ಒಪ್ಪದ ಈ ಕೆಲಸವನ್ನು ಯಂತ್ರವೂ ಒಪ್ಪುವುದಿಲ್ಲ. 'ಎರರ್: ಡಿವಿಷನ್ ಬೈ ಝೀರೋ' ಎಂದು ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ. ಈಗ ಲಾಗ್ ಇರುವ ಕಡತ ತೆರೆಯಿರಿ. ಅಲ್ಲಿ ಆ ಸಾಲಿನ ಹಿಂದೆ ದಿನಾಂಕ ಮತ್ತು ಸೆಕೆಂಡಿನ ಸಾವಿರದ ಒಂದು ಭಾಗದವರೆಗಿನ ವೇಳೆ ಇರುತ್ತದೆ. ಕೆಳಗೆ ಇನ್ನೊಂದು ಸಾಲಿನಲ್ಲಿ ನೀವು ಕೇಳಿದ ಪ್ರಶ್ನೆ ಅಕ್ಷರ ಬಿಡದೆ ದಾಖಲಾಗಿರುತ್ತದೆ. ಬಳಿಕ ಗೆರೆಯನ್ನು 'ಪ್ಯಾನಿಕ್'ಗೆ ಏರಿಸಿ, ಮತ್ತೆ ಅದೇ ಪ್ರಶ್ನೆ ಕೇಳಿ. ಪರದೆಯ ಮೇಲೆ ದೋಷ ಮೊದಲಿನಂತೆಯೇ ಮೂಡುತ್ತದೆ. ಲಾಗಿನಲ್ಲಿ ಮಾತ್ರ ಒಂದಕ್ಷರವೂ ಇರುವುದಿಲ್ಲ. ತಪ್ಪು ನಡೆದದ್ದು ಎರಡೂ ಸಲ. ಉಳಿದದ್ದು ಒಂದೇ ಸಲದ್ದು. ನಡುವೆ ಬದಲಾದದ್ದು ಒಂದೇ ಒಂದು ಪದ.